ಪಂಡಿತಾ ರಮಾಬಾಯಿಯವರೂ ಅವರ ಕಾಲದ ಗಂಡಸರೂ

ಹರಿಹರದ ಸೇತುವೆಯ ಮೇಲಿಂದ ತುಂಗಭದ್ರೆಯನ್ನು ನೋಡದವರು ನಮ್ಮ ವಾಚಕರಲ್ಲಿ ಯಾರೂ ಇರಲಾರರು. ಈ ನದಿಯ ಎರಡು ಮೂಲಗಳಾದ ತುಂಗೆಯೂ ಭದ್ರೆಯೂ ಪಶ್ಚಿಮ ಘಟ್ಟದ ವರಾಹಪರ್ವತದಲ್ಲಿ, ಗಂಗಾಮೂಲವೆಂಬ ಸ್ಥಳದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಕೂಡಲಿಯಲ್ಲಿ ಒಂದಾಗಿ ನಮ್ಮ ಸೀಮೆಗೆ ಬರುವುವು. ಆ ಗಂಗಾಮೂಲದ ಕಾಡಿನ ಮನೆಯೊಂದರಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ಒಂದು ಹೆಣ್ಣುಕೂಸು ಜನಿಸಿತು. ಮುಂದೆ ಪಂಡಿತಾ ರಮಾಬಾಯಿ ಸರಸ್ವತಿಯೆಂದು ಇಂಡಿಯಾ ದೇಶದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಹೆಸರಾದವರು ಇವರೇ. ಮಹಾರಾಷ್ಟ್ರದವರು ಇವರನ್ನು ತಮ್ಮವರೆಂದು ಎಣಿಸುವುದು ನ್ಯಾಯವೇ ಸರಿ. ಮನೆಮಾತು ಮರಾಠಿ, ಜೀವಮಾನದ ದುಡಿಮೆ ಪುಣೆಯ ಸುತ್ತುಮುತ್ತಲಿನದು. ಆದರೆ ಹುಟ್ಟಿದ ನೆಲ ಕನ್ನಡ ನಾಡಿನದು. ಅವರು ಬಲ್ಲ ಭಾಷೆಗಳಲ್ಲಿ ಕನ್ನಡವೂ ಒಂದಾಗಿತ್ತು.

ರಮಾಬಾಯಿಯವರ ಚರಿತ್ರೆಯನ್ನು ನಮ್ಮಂಥ ಶಾಲೆಗಳಲ್ಲಿ ಹೇಳುವಾಗ ಅವರು ವಿಧವೆಯರಿಗೂ ಅನಾಥೆಯರಿಗೂ ಕಟ್ಟಿದ ಆಶ್ರಯಗಳ ಮಾತೇ ಹೆಚ್ಚಾಗಿ ಬರುತ್ತದೆ. ಅದು ತಪ್ಪಲ್ಲ. ಆದರೆ ಈ ಸಂಚಿಕೆಯನ್ನು ಓದುವವರು ನಮ್ಮ ಹಳೆಯ ವಿದ್ಯಾರ್ಥಿನಿಯರು, ಮತ್ತು ದಾವಣಗೆರೆ ಹರಿಹರಗಳಲ್ಲಿ ಮಗಳನ್ನು ಓದಿಸುತ್ತಿರುವ ತಾಯಿತಂದೆಗಳು. ಆದಕಾರಣ ನಾವು ಇಲ್ಲಿ ಅದೇ ಜೀವನವನ್ನು ಬೇರೊಂದು ಕಡೆಯಿಂದ ನೋಡಬೇಕೆಂದಿದ್ದೇವೆ. ಓದಿದ ಹೆಂಗಸೊಬ್ಬಳು ತಾನೇ ಯೋಚಿಸಿ ತಾನೇ ನಿರ್ಣಯಿಸತೊಡಗಿದಾಗ ಸುತ್ತಲಿನ ಗಂಡಸರು ಏನು ಮಾಡಿದರು? ತಂದೆ, ಗಂಡ, ಶಾಸ್ತ್ರಿ, ಸುಧಾರಕ, ದೇಶಭಕ್ತ, ಬಿಷಪ್ಪ, ಗವರ್ನರು, ಇಷ್ಟು ಬಗೆಯ ಗಂಡಸರ ಎದುರಿಗೆ ನಿಂತು ತನ್ನ ಮಾತನ್ನು ಹೇಳಬೇಕಾಗಿ ಬಂದ ಇನ್ನೊಬ್ಬ ಹೆಂಗಸು ಆ ಕಾಲದ ಇಂಡಿಯಾದಲ್ಲಿ ಸಿಕ್ಕುವುದು ಕಷ್ಟ.

ಮೊದಲು ತಂದೆಯ ಮಾತು. ಅನಂತಶಾಸ್ತ್ರಿ ಡೋಂಗ್ರೆಯವರು ಮಂಗಳೂರು ಸೀಮೆಯಲ್ಲಿ ನೆಲಸಿದ್ದ ಚಿತ್ಪಾವನ ಬ್ರಾಹ್ಮಣ ಮನೆತನದವರು. ವಿದ್ಯಾರ್ಥಿದೆಸೆಯಲ್ಲಿ ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿ ಸಾಠೆಯವರ ಬಳಿ ಓದಿದರು. ಆ ಗುರುಗಳು ಎರಡನೆಯ ಬಾಜೀರಾಯ ಪೇಶವೆಯ ರಾಣಿಗೆ ಸಂಸ್ಕೃತವನ್ನು ಕಲಿಸುತ್ತಿದ್ದರು. ಅರಮನೆಯ ಹೆಂಗಸೊಬ್ಬಳು ಶ್ಲೋಕಗಳನ್ನು ಶುದ್ಧವಾಗಿ ಹೇಳುವುದನ್ನು ಕೇಳಿದ ಈ ಹುಡುಗನಿಗೆ ಆಶ್ಚರ್ಯವಾಯಿತು. ಊರಿಗೆ ಹಿಂದಿರುಗಿದ ಮೇಲೆ ತನ್ನ ಹೆಂಡತಿಗೂ ಕಲಿಸಬೇಕೆಂದು ಹೊರಟನು. ಹೆಂಡತಿಗೂ ಮನಸ್ಸಿರಲಿಲ್ಲ, ಮನೆಯ ಹಿರಿಯರೂ ಒಪ್ಪಲಿಲ್ಲ. ಆಕೆ ತೀರಿಕೊಂಡ ಮೇಲೆ ಶಾಸ್ತ್ರಿಗಳು ಯಾತ್ರೆಗೆ ಹೋಗಿದ್ದಾಗ ಗೋದಾವರೀ ತೀರದ ಪೈಠಣದಲ್ಲಿ ಒಬ್ಬ ಯಾತ್ರಿಕ ಬ್ರಾಹ್ಮಣನ ಪರಿಚಯವಾಗಿ, ಮರುದಿನವೇ ಆತನ ಒಂಬತ್ತು ವರ್ಷದ ಮಗಳನ್ನು ಮದುವೆಯಾದರು. ಆಗ ಅವರ ವಯಸ್ಸು 44.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಸ್ತ್ರೀವಿದ್ಯೆಯ ಪಕ್ಷಪಾತಿಯೆಂದು ಎಲ್ಲರೂ ಕೊಂಡಾಡುವ ಈ ಮಹಾಶಯರು ತಮ್ಮ ಮೊಮ್ಮಗಳ ವಯಸ್ಸಿನ ಕೂಸನ್ನು ಕೈಹಿಡಿದರೆಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಇದಾದ ಬಹುಕಾಲದ ಮೇಲೆ, 1894ರಲ್ಲಿ, ಮೈಸೂರು ಸರ್ಕಾರದವರು ಬಾಲ್ಯವಿವಾಹವನ್ನು ತಡೆಯಲು ಕಾನೂನು ಮಾಡಿದಾಗ ನಿಷೇಧಿಸಿದ್ದು ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ಮಾತ್ರ. ಆ ಕಾನೂನು ದಾವಣಗೆರೆಗೂ ಹರಿಹರಕ್ಕೂ ಅನ್ವಯಿಸುತ್ತಿತ್ತು. ಹೊಳೆಯ ಆಚೆಯ ದಡ ಮುಂಬಯಿ ಪ್ರಾಂತವಾದುದರಿಂದ ಅಲ್ಲಿಗೆ ಅದು ತಾಕುತ್ತಿರಲಿಲ್ಲ. ಅಷ್ಟು ಮುಂದುವರಿದ ಸಂಸ್ಥಾನದ ಅಷ್ಟು ಧೈರ್ಯದ ಕಾನೂನು ಕೂಡ ಅನಂತಶಾಸ್ತ್ರಿಗಳ ಈ ವಿವಾಹವನ್ನು ತಡೆಯುತ್ತಿರಲಿಲ್ಲವೆಂಬುದನ್ನು ವಾಚಕರು ಲೆಕ್ಕ ಹಾಕಿ ನೋಡಬಹುದು.

ಆದರೂ ಲಕ್ಷ್ಮೀಬಾಯಿಯೆಂಬ ಆ ಕೂಸು ಓದಿದಳು, ಓದಿ ಪಂಡಿತೆಯಾದಳು. ಊರವರಿಗೆ ಇದು ಸಹಿಸಲಿಲ್ಲ. ಮಠದ ಸಭೆಯ ಮುಂದೆ ಸಮಾಧಾನ ಹೇಳಬೇಕೆಂದು ಶಾಸ್ತ್ರಿಗಳನ್ನು ಉಡುಪಿಗೆ ಕರೆಸಿದರು. ಸುಮಾರು 400 ಮಂದಿ ವಿದ್ವಾಂಸರು ಸೇರಿದ್ದರು. ಹೆಂಗಸರು ವೇದವನ್ನು ಓದಬಾರದೆಂಬ ಕಟ್ಟನ್ನು ಅವರು ಮುರಿಯಲಿಲ್ಲ. ಪುರಾಣ ಕಾವ್ಯಾದಿಗಳನ್ನು ಸಂಸ್ಕೃತದಲ್ಲಿಯೇ ಓದಬಹುದೆಂಬುದಕ್ಕೆ ಗ್ರಂಥಗಳಿಂದಲೇ ಆಧಾರಗಳನ್ನು ಒದಗಿಸಿದರು. ಸಭೆಯವರು ತಲೆದೂಗಿದರು. ಆದರೆ ತಲೆದೂಗಿದ ವಿದ್ವಾಂಸರು ಮನೆಗೆ ಹೋಗಿ ತಮ್ಮ ಹೆಂಡಿರ ಮುಂದೆ ಪುಸ್ತಕವನ್ನು ತೆರೆದಿಟ್ಟರೆಂದು ಎಲ್ಲಿಯೂ ಕೇಳಿಬಂದಿಲ್ಲ.

ಜನರ ಮಾತಿನಿಂದ ದೂರವಾಗಿ ಇರಬೇಕೆಂದು ಶಾಸ್ತ್ರಿಗಳು ಗಂಗಾಮೂಲದ ಕಾಡಿನಲ್ಲಿ ಮನೆಯನ್ನು ಕಟ್ಟಿಕೊಂಡರು. ರಾತ್ರಿ ಹುಲಿಗಳು ಕೂಗುವ ಆ ಸ್ಥಳದಲ್ಲಿ ವಿದ್ಯಾರ್ಥಿಗಳಿಗೂ ಹೆಂಡತಿಗೂ ಪಾಠ ನಡೆಯುತ್ತಿತ್ತು. ಆದರೆ ಅದು ತೀರ್ಥಸ್ಥಳ. ಬಂದ ಯಾತ್ರಿಕರಿಗೆಲ್ಲ ಊಟ ಹಾಕುವುದರಲ್ಲಿ ಇದ್ದ ಹಣವೆಲ್ಲ ಕರಗಿತು. ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಆಕೆಯನ್ನು ಬೆತ್ತದ ದೊಡ್ಡ ಪೆಟ್ಟಿಗೆಯಲ್ಲಿ ಮಲಗಿಸಿ ಬೆಟ್ಟದಿಂದ ಇಳಿಸಿದರು. ಅಲ್ಲಿಂದ ಮುಂದೆ ಆ ಸಂಸಾರಕ್ಕೆ ಸ್ವಂತ ಮನೆಯೆಂಬುದಿಲ್ಲ. ಗುಡಿಗಳ ಜಗಲಿಯ ಮೇಲೆ, ಕೊಳಗಳ ಮೆಟ್ಟಿಲಿನ ಮೇಲೆ ಪುರಾಣವನ್ನು ಓದಿ, ಕೇಳಿದವರು ಕೊಟ್ಟ ಕಾಳುಕಡಿಯಿಂದ ಹೊಟ್ಟೆ ಹೊರೆಯುತ್ತ ಊರಿಂದೂರಿಗೆ ತಿರುಗಿದರು. ತಂದೆ ಮುದುಕರಾಗಿದ್ದುದರಿಂದ ಮಗಳಿಗೆ ಪಾಠ ಹೇಳಿದವಳು ತಾಯಿ. ಭಾಗವತದ 18,000 ಶ್ಲೋಕಗಳು ಹುಡುಗಿಯ ನಾಲಿಗೆಯ ಮೇಲಿದ್ದುವು. ಹಿರಿಯ ಮಗಳಿಗೆ ಬಾಲ್ಯದಲ್ಲಿಯೇ ಮಾಡಿದ ಮದುವೆ ಕೆಟ್ಟುಹೋದುದನ್ನು ಕಂಡಿದ್ದ ತಂದೆಯು ರಮಾಬಾಯಿಗೆ ಮದುವೆ ಮಾಡುವ ಗೊಡವೆಗೆ ಹೋಗಲಿಲ್ಲ. ಅನಂತಶಾಸ್ತ್ರಿಗಳು ತಮ್ಮ ತಪ್ಪಿನಿಂದ ಕಲಿತರೆಂದು ನಾವು ಎಣಿಸುವುದಕ್ಕೆ ಇದೊಂದೇ ಸಾಕು.

1874ರಿಂದ ಕೆಲವು ವರ್ಷ ದಕ್ಷಿಣ ದೇಶದಲ್ಲಿ ಬರಗಾಲ. ಪುರಾಣ ಕೇಳುವವರಾರು, ಕಾಳು ಕೊಡುವವರಾರು! ಕೂಲಿ ಮಾಡುವುದು ಅವರಿಗೆ ತಿಳಿಯದು, ಭಿಕ್ಷೆ ಬೇಡುವುದು ಬಾರದು. ತಂದೆ ಹಸಿವಿನಿಂದ ಸೊರಗಿ ಸತ್ತರು, ಕೆಲವು ತಿಂಗಳಿಗೆ ತಾಯಿ, ಆಮೇಲೆ ಅಕ್ಕ. ತಾಯಿಯ ಶವವನ್ನು ಮೂರು ಮೈಲಿ ದೂರದ ಮಸಣಕ್ಕೆ ಹೊರಲು ಜನ ಸಾಲದೆ, ಎತ್ತರ ಸಾಲದ ಮಗಳು ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಇಟ್ಟುಕೊಂಡು ನಡೆಯಬೇಕಾಯಿತು. ಉಳಿದವರು ಅಣ್ಣ ಶ್ರೀನಿವಾಸಶಾಸ್ತ್ರಿ ಮತ್ತು ರಮಾಬಾಯಿ. ಇಬ್ಬರೂ 4,000 ಮೈಲಿಗೆ ಕಡಿಮೆಯಿಲ್ಲದಷ್ಟು ದೂರ ಕಾಲ್ನಡೆಯಲ್ಲಿ ತಿರುಗಿದರು. ಅಣ್ಣನೆಂಬವನು ತಂಗಿಯನ್ನು ಮುಂದೆ ನಿಲ್ಲಿಸಿ, ಅವಳ ಮಾತನ್ನು ಸಭೆ ಕೇಳಲೆಂದು ತಾನು ಪಕ್ಕಕ್ಕೆ ಸರಿಯುತ್ತಿದ್ದನು. ಚರಿತ್ರೆಕಾರರು ಈತನ ಹೆಸರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವರು. ನಮಗೆ ಅದು ಅನ್ಯಾಯವೆಂದು ತೋರುತ್ತದೆ.

1878ರಲ್ಲಿ ಇಬ್ಬರೂ ಕಲ್ಕತ್ತೆಯನ್ನು ಸೇರಿದರು. ಇಪ್ಪತ್ತು ವರ್ಷದ ಅವಿವಾಹಿತೆ ಹೆಣ್ಣು ನಿರರ್ಗಳವಾಗಿ ಸಂಸ್ಕೃತವನ್ನು ಆಡುವುದನ್ನು ಕೇಳಿ ಅಲ್ಲಿಯ ಪಂಡಿತರು ಬೆರಗಾದರು, ಪರೀಕ್ಷಿಸಿದರು, ಪಂಡಿತಾ ಎಂತಲೂ ಸರಸ್ವತೀ ಎಂತಲೂ ಬಿರುದುಗಳನ್ನು ಕೊಟ್ಟರು. ಆಕೆಯ ಜೀವಮಾನದಲ್ಲಿ ಗಂಡಸರು ಒಕ್ಕೊರಲಿನಿಂದ ಹೊಗಳಿದ್ದು ಇದೊಂದು ಕಾಲದಲ್ಲಿಯೇ. ಅವರು ಹೊಗಳಿದ್ದಾದರೂ ಏನನ್ನು? ತಮ್ಮದೇ ಶಾಸ್ತ್ರಗಳು ಒಂದು ಹೆಣ್ಣಿನ ಬಾಯಿಂದ ಬರುತ್ತಿದ್ದುದನ್ನು. ಅದೇ ಮಹನೀಯರು, ಅಂತಃಪುರದ ಹೆಂಗಸರಿಗೆ ಸ್ತ್ರೀಧರ್ಮವನ್ನು ಶಾಸ್ತ್ರರೀತ್ಯಾ ಉಪದೇಶಿಸಬೇಕೆಂದು ಆಕೆಯನ್ನು ಕೇಳಿಕೊಂಡರು. ಉಪದೇಶಕ್ಕೆ ಸಿದ್ಧತೆಯೆಂದು ರಮಾಬಾಯಿಯವರು ಧರ್ಮಶಾಸ್ತ್ರಗಳನ್ನು ಮೊದಲಿಂದ ಕೊನೆಯವರೆಗೆ ಓದಿದರು. ನೂರು ವಿಷಯಗಳಲ್ಲಿ ಒಂದಕ್ಕೊಂದು ವಿರೋಧವಾಗಿರುವ ಆ ಗ್ರಂಥಗಳೆಲ್ಲ, ಹೆಂಗಸರು ಸ್ವಭಾವತಃ ಕೆಟ್ಟವರು, ಆ ಜನ್ಮದಲ್ಲಿ ಅವರಿಗೆ ಸ್ವಂತವಾಗಿ ಮೋಕ್ಷವಿಲ್ಲ, ಶೂದ್ರರ ಗತಿಯೂ ಅಷ್ಟೇ ಎಂಬ ಮಾತಿನಲ್ಲಿ ಮಾತ್ರ ಒಮ್ಮತವಾಗಿರುವುದು ಅವರಿಗೆ ಕಂಡಿತು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೈಗಿತ್ತು ಓದೆಂದರು. ತಂದೆಯೂ ದಾಟದ ಗೆರೆ ಅದು, ಮಗಳು ದಾಟಿದಳು.

1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡನು. ಒಂದೆರಡು ತಿಂಗಳೊಳಗೆ, ಜೂನ್ 13ರಂದು, ರಮಾಬಾಯಿಯವರು ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಸರ್ಕಾರದ ಕಾನೂನಿನಂತೆ ರಿಜಿಸ್ಟರು ಮಾಡಿಸಿ ಮದುವೆಯಾದರು. ವರನು ಬ್ರಾಹ್ಮಣನಲ್ಲ, ಶೂದ್ರವರ್ಗದವನೆಂದು ಎಣಿಸಲ್ಪಟ್ಟ ಜಾತಿಯವನು; ವಧು ತಾನೇ ಒಪ್ಪಿ ಆರಿಸಿಕೊಂಡವಳು. ಬಿರುದು ಕೊಟ್ಟ ಪಂಡಿತರಿಗೆ ಇದು ಹೇಗೆ ತೋರಿರಬೇಕೆಂಬುದನ್ನು ಹೇಳಬೇಕಾದುದಿಲ್ಲ. ದಂಪತಿಗಳು ಅಸ್ಸಾಮಿನ ಸಿಲ್ಚರಿನಲ್ಲಿ ಮನೆ ಮಾಡಿದರು. ಬಾಲವಿಧವೆಯರಿಗಾಗಿ ಶಾಲೆಯೊಂದನ್ನು ತೆರೆಯುವ ಆಲೋಚನೆ ಇಬ್ಬರದೂ ಆಗಿತ್ತು. ಮೇಧಾವಿಯವರು ವಿಶಾಲ ಮನಸ್ಸಿನವರು, ಹೆಂಡತಿಯ ವಿದ್ಯೆಯಲ್ಲಿ ಹೆಮ್ಮೆಯುಳ್ಳವರು. ಆದರೂ ಅಲ್ಲಿಯ ಬ್ಯಾಪ್ಟಿಸ್ಟ್ ಮಿಶನರಿಯ ಮಾತುಗಳನ್ನು ಕೇಳಿ ರಮಾಬಾಯಿಯವರು ಕ್ರಿಸ್ತಮತದಲ್ಲಿ ಆಸಕ್ತಿ ತೋರಿಸಿದಾಗ, ಸ್ವತಃ ಮಿಶನ್ ಶಾಲೆಯಲ್ಲಿ ಕಲಿತಿದ್ದ ಅವರಿಗೇ ಕೋಪ ಬಂದಿತು; ಆ ಮಿಶನರಿಯು ಮನೆಗೆ ಬರುವುದು ಬೇಡವೆಂದರು. ಇದನ್ನು ರಮಾಬಾಯಿಯವರೇ ಬರೆದಿಟ್ಟಿದ್ದಾರೆ, ಗಂಡನ ಮೇಲಿನ ಪ್ರೀತಿಯನ್ನು ಸ್ವಲ್ಪವೂ ಕಡಿಮೆ ಮಾಡದೆ. 1881ರಲ್ಲಿ ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಮೇಧಾವಿಯವರು ಕಾಲರಾ ಬೇನೆಯಿಂದ ತೀರಿಕೊಂಡರು. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ.

ಇಪ್ಪತ್ತಮೂರು ವರ್ಷದ ವಿಧವೆಯು ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಪುಣೆಗೆ ಬಂದಾಗ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ, ಪಂಡಿತ ರಾಮಕೃಷ್ಣ ಗೋಪಾಲ ಭಂಡಾರಕರ ಮೊದಲಾದ ಸುಧಾರಕರು ಆದರಿಸಿದರು. ಆರ್ಯ ಮಹಿಳಾ ಸಮಾಜವು ಸ್ಥಾಪಿತವಾಯಿತು. ರಾನಡೆಯವರ ಪತ್ನಿಯೂ ಅದರಲ್ಲಿ ಸೇರಿದರು. ಈ ರಾನಡೆಯವರೇ ವಿಧವಾ ವಿವಾಹವನ್ನು ಎತ್ತಿಹಿಡಿದವರಾಗಿದ್ದರೂ 1873ರಲ್ಲಿ ಮೊದಲನೆಯ ಹೆಂಡತಿ ಸತ್ತಾಗ ತಂದೆಯ ಮಾತಿಗೆ ಕಟ್ಟುಬಿದ್ದು ಹನ್ನೊಂದು ವರ್ಷದ ಕನ್ಯೆಯನ್ನು ಮದುವೆಯಾದವರೆಂಬುದು ಆಗ ಎಲ್ಲರಿಗೂ ತಿಳಿದ ಮಾತು. ಆ ಕನ್ಯೆಯನ್ನು ತಾವೇ ಓದಿಸಿ ಮುಂದೆ ತಂದರೆಂಬುದೂ ಅಷ್ಟೇ ನಿಜ.

ಅದೇ 1882ರಲ್ಲಿ ವಿದ್ಯಾಭ್ಯಾಸದ ಸ್ಥಿತಿಗತಿಗಳನ್ನು ವಿಚಾರಿಸಲು ಹಂಟರ್ ಸಾಹೇಬರ ಅಧ್ಯಕ್ಷತೆಯಲ್ಲಿ ಕಮಿಶನ್ನು ಪುಣೆಗೆ ಬಂದಿತು. ರಮಾಬಾಯಿಯವರು ಅದರ ಮುಂದೆ ಸಾಕ್ಷಿ ಹೇಳಿದರು. ಹೆಣ್ಣುಮಕ್ಕಳ ಶಾಲೆಗಳಿಗೆ ಉಪಾಧ್ಯಾಯಿನಿಯರೇ ಬೇಕು, ಶಾಲೆಗಳ ತನಿಖೆಗೆ ಹೆಂಗಸರು ಬೇಕು, ಹೆಂಗಸರ ರೋಗಗಳಿಗೆ ಹೆಂಗಸರೇ ವೈದ್ಯರಾಗಬೇಕು ಎಂಬುದು ಅವರ ಬೇಡಿಕೆ. ಈ ದೇಶದ ಓದಿದ ಗಂಡಸರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಸ್ತ್ರೀವಿದ್ಯೆಗೂ ಸ್ತ್ರೀಯರ ಯೋಗ್ಯ ಸ್ಥಾನಕ್ಕೂ ವಿರೋಧಿಗಳೆಂದೂ, ಓದಿದ ಹೆಂಗಸಿನಲ್ಲಿ ಅಣುವಿನಷ್ಟು ತಪ್ಪು ಕಂಡರೂ ಅದನ್ನು ಬೆಟ್ಟದಷ್ಟು ಮಾಡಿ ಅವಳ ಮಾನ ಕಳೆಯಲು ನೋಡುವರೆಂದೂ ಅವರು ಕಮಿಶನ್ನಿಗೆ ತಿಳಿಸಿದರು. ಓದದ ಗಂಡಸರ ಮೇಲೆ ಅವರು ದೂರು ಹೇಳಲಿಲ್ಲವೆಂಬುದನ್ನು ಗಮನಿಸಬೇಕು. ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆಯು ಇದರ ಹಿಂದಿನ ವರ್ಷ, 1881ರಲ್ಲಿ, ಪ್ರಾರಂಭವಾಗಿತ್ತಷ್ಟೆ.

ವೈದ್ಯವಿದ್ಯೆ ಕಲಿಯಬೇಕೆಂಬ ಆಸೆಯಿಂದ, ತಾವು ಬರೆದ ಸ್ತ್ರೀಧರ್ಮನೀತಿಯೆಂಬ ಮರಾಠಿ ಪುಸ್ತಕದಿಂದ ಬಂದ ಹಣವನ್ನು ಕೂಡಿಸಿಕೊಂಡು, 1883ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೊರಟರು. ಕಿವಿ ಮಂದವಾಗುತ್ತ ಬಂದುದರಿಂದ ವೈದ್ಯವಿದ್ಯೆ ಸಾಧ್ಯವಾಗಲಿಲ್ಲ. ವಾಂಟೇಜಿನ ಸಂತ ಮರಿಯಳ ಸಹೋದರಿಯರ ಮಠದಲ್ಲಿ ಉಳಿದು, ಸೆಪ್ಟೆಂಬರ್ 29ರಂದು ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು. ಪುಣೆಯಲ್ಲಿ ಗುಲ್ಲೆದ್ದಿತು. ಸರಸ್ವತಿಯೆಂದು ಹೊತ್ತು ಮೆರೆಸಿದವರೇ ಚಂಚಲೆಯೆಂದರು. ಹೆಂಗಸಿಗೆ ಬುದ್ಧಿ ಕಲಿಸಿದರೆ ಹೀಗಾಗುವುದೆಂದು ಸ್ತ್ರೀವಿದ್ಯೆಯ ವಿರೋಧಿಗಳಿಗೆ ಒಂದು ನೆಪವೂ ಸಿಕ್ಕಿತು. ಆ ಗದ್ದಲದಲ್ಲಿ ಆಕೆಯ ಪರವಾಗಿ ಲೇಖನಿ ಹಿಡಿದವರು ಮಾಳಿ ಜಾತಿಯವರಾದ ಜೋತೀರಾವ ಫುಲೆಯವರು. 1885ರಲ್ಲಿ ಸತ್ಸಾರವೆಂಬ ತಮ್ಮ ಕಿರುಪತ್ರಿಕೆಯಲ್ಲಿ ರಮಾಬಾಯಿಯವರನ್ನೂ, ಸ್ತ್ರೀಪುರುಷ ತುಲನೆಯನ್ನು ಬರೆದು ಬೈಗಳನ್ನು ಉಂಡ ತಾರಾಬಾಯಿ ಶಿಂದೆಯವರನ್ನೂ ಸಮರ್ಥಿಸಿದರು. ಫುಲೆಯವರು ಕ್ರಿಸ್ತಮತಕ್ಕೆ ಸೇರಿದವರಲ್ಲ, ಸೇರಲೂ ಇಲ್ಲ. ಓದಿದವಳು ತನಗೆ ಸರಿತೋರಿದುದನ್ನು ಮಾಡಿದಳೆಂಬುದಷ್ಟೇ ಅವರಿಗೆ ಸಾಕಾಗಿತ್ತು.

ಹಿಂದೂ ಗಂಡಸರು ಹೀಗೆ, ಕ್ರೈಸ್ತ ಗಂಡಸರು ಬೇರೆ ರೀತಿ ಎಂದು ನಮ್ಮ ವಾಚಕರು ಭಾವಿಸಬಾರದು. ಈ ಭಾಗವನ್ನು ನಮ್ಮಂಥ ಶಾಲೆಗಳ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ. ಬರೆಯಬೇಕಾದ ಭಾಗ ಇದೇ. ಚೆಲ್ಟನ್‌ಹ್ಯಾಮಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮಿಸ್ ಡೊರೊಥಿಯಾ ಬೀಲ್ ಎಂಬ ಮಹಾ ಉಪಾಧ್ಯಾಯಿನಿಯ ಆಶ್ರಯದಲ್ಲಿ ರಮಾಬಾಯಿಯವರು ಓದುತ್ತ ಸಂಸ್ಕೃತವನ್ನು ಕಲಿಸುತ್ತಲೂ ಇದ್ದರು. ಯುವಕರಿಗೂ ಪಾಠ ಹೇಳಬಹುದೆಂಬ ಮಾತು ಬಂದಿತು. ಕೂಡಲೇ ಲಾಹೋರಿನ ಬಿಷಪ್ಪರೂ ಮುಂಬಯಿಯ ಬಿಷಪ್ಪರೂ ಅಡ್ಡಬಂದರು. ಹೆಂಗಸು ಗಂಡಸರಿಗೆ ಕಲಿಸಿದಳೆಂದರೆ ಇಂಡಿಯಾದಲ್ಲಿ ಅವಳ ಮರ್ಯಾದೆ ಹೋಗುವುದಂತೆ, ಸ್ವದೇಶದ ಹೆಂಗಸರಲ್ಲಿ ಕೆಲಸ ಮಾಡಲಾಗದಂತೆ. ಇಂಡಿಯಾದ ಗುಡಿಗಳ ಮುಂದೆ, ಗಂಡಸರ ಸಭೆಗಳಲ್ಲಿ, ಬಾಲ್ಯದಿಂದ ಪುರಾಣ ಹೇಳಿದವಳಿಗೆ ಇಂಡಿಯಾದ ಮರ್ಯಾದೆಯ ಪಾಠ! ರಮಾಬಾಯಿಯವರು 1885ರಲ್ಲಿ ಬರೆದ ಕಾಗದದಲ್ಲಿ, ನನ್ನ ತಾಯಿ ಯುವಕರಿಗೆ ಕಲಿಸಿದಾಗ ನನ್ನ ತಂದೆ ಬೇಡವೆನ್ನಲಿಲ್ಲ, ನಾನು ಕಲಿಸಿದಾಗ ನನ್ನ ಗಂಡ ಬೇಡವೆನ್ನಲಿಲ್ಲ, ಇಂಗ್ಲಿಷಿನವರು ಬೇಡವೆನ್ನುವುದು ಆಶ್ಚರ್ಯ ಎಂಬ ಅರ್ಥ ಬರುವಂತೆ ತಿಳಿಸಿದರು. ಮತವಿಷಯದಲ್ಲಿಯೂ ಪಾದ್ರಿಗಳೂ ಮಠದ ಸಹೋದರಿಯರೂ ಹೇಳಿದುದನ್ನೆಲ್ಲ ಹಾಗೆಯೇ ನುಂಗಲಿಲ್ಲ. ಒಂದು ನೊಗದಿಂದ ಬಿಡಿಸಿಕೊಂಡ ಮೇಲೆ ಇನ್ನೊಂದನ್ನು ಹೊರಲಾರೆನೆಂಬ ಧೋರಣೆ ಆ ಕಾಗದಗಳಲ್ಲಿ ಉದ್ದಕ್ಕೂ ಕಾಣುತ್ತದೆ.

1886ರಲ್ಲಿ ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯದ ಹೆಂಗಸರ ವೈದ್ಯಕಾಲೇಜಿನಲ್ಲಿ ಪದವಿ ಪಡೆಯುವುದನ್ನು ನೋಡಲು ರಮಾಬಾಯಿಯವರು ಅಮೆರಿಕಕ್ಕೆ ಹೋದರು. ಮುಂದಿನ ವರ್ಷ ಉಚ್ಚವರ್ಣದ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕವನ್ನು ಬರೆದು ತಾಯಿಗೆ ಅರ್ಪಿಸಿದರು. ಬೋಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಶನ್ ಸ್ಥಾಪಿತವಾಗಿ ಹತ್ತು ವರ್ಷ ಹಣ ಕಳುಹಿಸುವ ಭರವಸೆ ಕೊಟ್ಟಿತು. 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನವು ಇಬ್ಬರು ವಿದ್ಯಾರ್ಥಿನಿಯರಿಂದ ಪ್ರಾರಂಭವಾಯಿತು. ಅದೇ ವರ್ಷ ಪುಣೆಯಲ್ಲಿ ಅವರ ಉಪನ್ಯಾಸವೊಂದು ನಡೆದಾಗ ರವೀಂದ್ರನಾಥ ಠಾಕೂರರು ಸಭಿಕರಾಗಿದ್ದರು. ಸ್ತ್ರೀಪುರುಷರ ಸಮಾನತೆಯ ಮಾತು ಬಂದೊಡನೆ ಗಂಡಸರು ಗದ್ದಲವೆಬ್ಬಿಸಿ, ಉಪನ್ಯಾಸ ಮುಗಿಯಗೊಡಲಿಲ್ಲವೆಂದು ಠಾಕೂರರು ಬರೆದರು. ಆ ಅಸಭ್ಯತೆಯನ್ನು ಹಳಿದರು. ಆದರೆ ಹೆಣ್ಣು ಗಂಡಿಗೆ ಸಮಾನಳೆಂಬುದನ್ನು ಆ ಕಾಲಕ್ಕೆ ತಾವೂ ಒಪ್ಪಲಿಲ್ಲ. ಆಗ ಅವರಿಗೆ 28 ವರ್ಷ. ಕೂಗದೆ ಕೇಳಿ, ಆಮೇಲೆ ನಯವಾಗಿ ಅಲ್ಲಗಳೆಯುವ ಈ ಬಗೆಯ ಗಂಡಸರೂ ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಕೂಗುವವರಿಗಿಂತ ಇವರು ಎಷ್ಟೋ ವಾಸಿಯೆಂಬುದನ್ನು ನಾವು ಒಪ್ಪುತ್ತೇವೆ.

1890ರಲ್ಲಿ ಸದನವು ಪುಣೆಗೆ ಬಂದಿತು. ರಾನಡೆ, ಭಂಡಾರಕರ ಮೊದಲಾದವರು ಸಲಹಾಸಮಿತಿಯಲ್ಲಿದ್ದರು. ಹೆಣ್ಣುಮಕ್ಕಳು ತಮ್ಮ ತಮ್ಮ ಜಾತಿಯ ಆಚಾರದಂತೆ ಅಡಿಗೆ, ಊಟ, ಪೂಜೆಗಳನ್ನು ನಡೆಸಿಕೊಳ್ಳಬಹುದು, ಮತಬೋಧನೆಯಿಲ್ಲ. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕುಳಿತರು. ಬಾಲಗಂಗಾಧರ ಟಿಳಕರ ಕೇಸರಿ ಪತ್ರಿಕೆಯು ಇದನ್ನು ಹಿಡಿದು ಖಂಡಿಸಿತು. 1893ರಲ್ಲಿ ಸಮಿತಿಯವರು ರಾಜೀನಾಮೆ ಕೊಟ್ಟರು. ಪೋಷಕರು ಅನೇಕ ವಿಧವೆಯರನ್ನು ಹಿಂದಕ್ಕೆ ಕರೆದೊಯ್ದರು.

ಇದರಲ್ಲಿ ನಾವು ಒಂದೇ ಪಕ್ಷ ಹಿಡಿಯಲಾರೆವು. ಮತವಿಷಯದಲ್ಲಿ ತಟಸ್ಥವೆಂದು ಹೇಳಿದ ಶಾಲೆಗೆ ಮಗಳನ್ನು ಕಳುಹಿಸಿದ ತಂದೆಗೆ, ಆ ಮಾತು ನಡೆಯುತ್ತಿದೆಯೇ ಎಂದು ಕೇಳುವ ಹಕ್ಕುಂಟು. ನಮ್ಮ ಶಾಲೆಗೆ ಮಕ್ಕಳನ್ನು ಕಳುಹಿಸಿದ ಹಿಂದೂ ಮುಸಲ್ಮಾನ ತಾಯಿತಂದೆಗಳಿಗೂ ಆ ಹಕ್ಕು ಉಂಟೆಂಬುದನ್ನು ಯಾರೂ ಮರೆಯಬಾರದು. ಬಾಗಿಲು ಮುಚ್ಚದಿರುವುದು ಆಮಂತ್ರಣವಲ್ಲವೆಂಬ ರಮಾಬಾಯಿಯವರ ವಾದವು ಕೂಡ ಪೂರ್ತಿ ಗಟ್ಟಿಯಾದುದೆಂದು ನಮಗೆ ತೋರದು. ಅನ್ನ ಹಾಕುವವಳ ಬಾಗಿಲು ತೆರೆದಿದ್ದರೆ ಅದಕ್ಕೊಂದು ಸೆಳೆತವಿರುತ್ತದೆ. ಆದರೆ ಆ ವಿವಾದದ ಕಾಗದಪತ್ರಗಳಲ್ಲಿ ನಮಗೆ ಎದ್ದು ಕಾಣುವುದು ಇನ್ನೊಂದು. ಟಿಳಕರು ಮಾತಾಡಿದರು, ರಾನಡೆಯವರು ಮಾತಾಡಿದರು, ಪೋಷಕರು ಮಾತಾಡಿದರು, ಅಮೆರಿಕದವರು ಮಾತಾಡಿದರು. ಒಳಗೆ ಕುಳಿತಿದ್ದ ವಿಧವೆಯರು ಎಲ್ಲರೂ ಎಳೆಯ ಮಕ್ಕಳಲ್ಲ. ಪ್ರಾಯ ತುಂಬಿದವರೂ ಇದ್ದರು. ಅವರಿಗೇನು ಬೇಕೆಂದು ಅವರನ್ನೇ ಕೇಳಬೇಕೆಂಬುದು ಆ ದೊಡ್ಡವರಲ್ಲಿ ಯಾರಿಗೂ ಹೊಳೆಯಲಿಲ್ಲ. ಈಗ ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜೂ ಇಂಜಿನಿಯರಿಂಗ್ ಕಾಲೇಜೂ ಇವೆ; ನಮ್ಮ ಹಳೆಯ ವಿದ್ಯಾರ್ಥಿನಿಯರ ತಂದೆಗಳು ಹೆಣ್ಣುಮಗಳ ಫೀಸಿಗೆ ಸಾಲ ಮಾಡಲು ಹಿಂದೆಗೆಯುವವರಲ್ಲ. ಓದು ಮುಗಿದು, ಎಲ್ಲಿ ಕೆಲಸಕ್ಕೆ ಹೋಗುವುದು, ಯಾರನ್ನು ಮದುವೆಯಾಗುವುದು, ಆಗುವುದೋ ಇಲ್ಲವೋ ಎಂಬ ಮಾತು ಬಂದ ದಿನ ಪುಣೆಯ ಆ ಸಮಿತಿಯು ಎಷ್ಟು ಮನೆಗಳ ನಡುಮನೆಯಲ್ಲಿ ಮತ್ತೆ ಕೂಡುತ್ತದೆಂಬುದನ್ನು ಅವರವರೇ ಬಲ್ಲರು.

ಆ ಗದ್ದಲದ ವರ್ಷದಲ್ಲಿಯೇ ಮತ್ತೊಂದು ಕಾರ್ಯ ನಡೆಯಿತು. ಶಾರದಾ ಸದನದ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದ ಗೋದೂಬಾಯಿಯೆಂಬ ಬಾಲವಿಧವೆಯನ್ನು 1893ರ ಮಾರ್ಚ್ 11ರಂದು, ಸದನದ ಹುಟ್ಟುಹಬ್ಬದ ದಿನವೇ, ಧೋಂಡೋ ಕೇಶವ ಕರ್ವೆಯವರು ವಿವಾಹವಾದರು. ಕರ್ವೆಯವರೂ ಮೊದಲ ಹೆಂಡತಿಯನ್ನು ಕಳೆದುಕೊಂಡವರು; ವಿಧುರನು ವಿಧವೆಯನ್ನೇ ಮದುವೆಯಾಗುವುದು ನ್ಯಾಯವೆಂದವರು. ಸ್ವಗ್ರಾಮವಾದ ಮುರೂಡಿನವರು ಬಹಿಷ್ಕಾರ ಹಾಕಿದರು. ಕರ್ವೆಯವರು ಯಾರೊಡನೆಯೂ ವಾದಕ್ಕೆ ನಿಲ್ಲಲಿಲ್ಲ. 1896ರಲ್ಲಿ ವಿಧವೆಯರಿಗೆ ಆಶ್ರಮವನ್ನೂ, 1916ರಲ್ಲಿ ಹೆಂಗಸರಿಗೆ ವಿಶ್ವವಿದ್ಯಾನಿಲಯವನ್ನೂ ಸ್ಥಾಪಿಸಿದರು. ಹಿಂದೂಗಳ ವಿಶ್ವಾಸ ಕೆಡದಂತೆ ನಡೆಸಬೇಕೆಂಬುದನ್ನು ಅವರು ಶಾರದಾ ಸದನದ ಅನುಭವದಿಂದಲೇ ಕಲಿತರು. ಆದರೆ ರಮಾಬಾಯಿಯವರ ಮೇಲಿನ ಗೌರವವನ್ನು ಬಿಡಲಿಲ್ಲ.

ಅಮೆರಿಕದಲ್ಲಿಯೂ ವಿವಾದ ತಪ್ಪಲಿಲ್ಲ. 1895ರಲ್ಲಿ ಬ್ರೂಕ್ಲಿನ್ ಪಟ್ಟಣದ ರಮಾಬಾಯಿ ಮಂಡಲಿಯವರಿಗೂ ಸ್ವಾಮಿ ವಿವೇಕಾನಂದರಿಗೂ ಹಿಂದೂ ವಿಧವೆಯರ ಸ್ಥಿತಿಯ ವಿಷಯದಲ್ಲಿ ಪತ್ರಿಕೆಗಳಲ್ಲಿ ವಾದ ನಡೆಯಿತು. ಪರದೇಶದವರ ಮುಂದೆ ಸ್ವದೇಶದ ಮಾನವನ್ನು ಕಾಯುವುದು ಸ್ವಾಮಿಗಳ ಚಿಂತೆ. ಸ್ವದೇಶದ ವಿಧವೆಗೆ ಅನ್ನ ದೊರಕಿಸುವುದು ರಮಾಬಾಯಿಯವರ ಚಿಂತೆ. 1897ರಲ್ಲಿ ಪ್ಲೇಗಿನ ಸಮಯದಲ್ಲಿ ಆಸ್ಪತ್ರೆಗೆ ಸಾಗಿಸಲ್ಪಟ್ಟ ಹುಡುಗಿಯರ ಗತಿಯನ್ನು ಕುರಿತು ಅವರು ಪತ್ರಿಕೆಗೆ ಬರೆದಾಗ ಮುಂಬಯಿಯ ಗವರ್ನರು ಲಾರ್ಡ್ ಸ್ಯಾಂಡ್‌ಹರ್ಸ್ಟರು ಆ ದೂರನ್ನು ಸುಳ್ಳೆಂದು ತಳ್ಳಿಹಾಕಿದರು. ಬಿಳಿಯ ಅಧಿಕಾರಿಗೂ ಹೆಂಗಸಿನ ದೂರೆಂದರೆ ಅಷ್ಟೇ.

ಅಷ್ಟರಲ್ಲಿ 1896ರ ಕ್ಷಾಮ ಬಂದಿತ್ತು. ತಾವೇ ಹಸಿದು ತಿರುಗಿದ ಹೆಂಗಸಿಗೆ ಸುಮ್ಮನೆ ಕೂರಲಾಗಲಿಲ್ಲ. ಮಧ್ಯ ಪ್ರಾಂತಗಳಿಗೆ ಹೋಗಿ ಸುಮಾರು 300 ಮಂದಿ ಹೆಂಗಸರನ್ನೂ ಹುಡುಗಿಯರನ್ನೂ ಕರೆತಂದರು. ಪುಣೆಯ ಆಚೆ ಕೆಡಗಾಂವಿನಲ್ಲಿ ಕೊಂಡಿದ್ದ ಹೊಲದಲ್ಲಿ ಮುಕ್ತಿ ಸದನ ಎದ್ದಿತು. 1900ರ ಗುಜರಾತಿನ ಬರಗಾಲದ ಮೇಲೆ ಅಲ್ಲಿಯ ಜನ 2,000ದ ಹತ್ತಿರಕ್ಕೆ ಮುಟ್ಟಿತು. ಕೆಟ್ಟ ಹಾದಿಗೆ ಬಿದ್ದವರೆಂದು ಲೋಕವು ಹೊರಗಟ್ಟಿದವರಿಗೆ ಕೃಪಾ ಸದನವೆಂದು ಬೇರೆ ಮನೆ. ಕುರುಡರಿಗೆ ಬೆರಳಿನಿಂದ ಓದುವ ಬ್ರೈಲ್ ಪಾಠ. ನೇಯ್ಗೆ, ಹೊಲಿಗೆ, ಎಣ್ಣೆಗಾಣ, ಹಸುಗಳ ಹಟ್ಟಿ, ತೋಟ, ಅಡಿಗೆ, ಅಚ್ಚುಕೂಟ, ಎಲ್ಲವನ್ನೂ ಹೆಂಗಸರೇ ನಡೆಸಿದರು. ಗಂಡಸರ ಸಮಿತಿಯ ಒಪ್ಪಿಗೆಗೆ ಕಾಯಬೇಕಾದ ಕಾಲ ಕಳೆದಿತ್ತು. ಮುಕ್ತಿಯು ಬಹಿರಂಗವಾಗಿ ಕ್ರೈಸ್ತ ಸಂಸ್ಥೆ. ಅದರಿಂದ ಪುಣೆಯ ಸುಧಾರಕರ ನಂಟು ಬಹುಮಟ್ಟಿಗೆ ಕಡಿದುಹೋಯಿತೆಂಬುದನ್ನು ಲಾಭವೆಂದು ಯಾರೂ ಹೇಳಲಾರರು.

ಮಗಳು ಮನೋರಮಾಬಾಯಿ ತಾಯಿಯ ಬಲಗೈಯಾದಳು. ಆಗ ನಿಜಾಮರ ಸೀಮೆಯಾಗಿದ್ದ ಗುಲ್ಬರ್ಗದಲ್ಲಿ, ಅಂದರೆ ನಮ್ಮ ಕನ್ನಡ ನಾಡಿನಲ್ಲಿಯೇ, ಹೆಣ್ಣುಮಕ್ಕಳಿಗಾಗಿ ಶಾಲೆಯೊಂದನ್ನು ತೆರೆಯುವ ಕೆಲಸವನ್ನು ಅವಳು ವಹಿಸಿಕೊಂಡಳು. 1919ರಲ್ಲಿ ಸರ್ಕಾರದವರು ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟರು. 1921ರ ಜುಲೈಯಲ್ಲಿ ಮನೋರಮೆ ತೀರಿಕೊಂಡಳು. ತಾಯಿಯು ಹೀಬ್ರೂ ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸುತ್ತಿದ್ದರು. ಅದನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಗ್ರಂಥವು 1924ರಲ್ಲಿ ಹೊರಬಂದಿತು. ಅದರ ಅಚ್ಚಿನ ಮೊಳೆಗಳನ್ನು ಜೋಡಿಸಿದವರು ಮುಕ್ತಿಯ ಹೆಂಗಸರು.

ಅನಂತರ ಬಹುಕಾಲ ಗಂಡಸರು ಬರೆದ ಸಮಾಜಸುಧಾರಣೆಯ ಚರಿತ್ರೆಗಳಲ್ಲಿ ರಾನಡೆಯವರಿಗೆ ಅಧ್ಯಾಯ, ಕರ್ವೆಯವರಿಗೆ ಅಧ್ಯಾಯ, ರಮಾಬಾಯಿಯವರಿಗೆ ಒಂದೆರಡು ಸಾಲು. ವಿರೋಧಿಸುವುದಕ್ಕಿಂತ ಮರೆತುಬಿಡುವುದು ಸುಲಭವಷ್ಟೆ. 1977ರಲ್ಲಿ ಅವರ ಕಾಗದಗಳು ಮಹಾರಾಷ್ಟ್ರದಲ್ಲಿ ಪುಸ್ತಕರೂಪವಾಗಿ ಪ್ರಕಟವಾದುವು. 1989ರಲ್ಲಿ ಇಂಡಿಯಾ ಸರ್ಕಾರದವರು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿದರು. ಕಾಗದಗಳ ಆ ಪುಸ್ತಕದಲ್ಲಿ ಬಿಷಪ್ಪರ ಆಕ್ಷೇಪಣೆಯೂ ಇದೆ, ಇಪ್ಪತ್ತೇಳು ವರ್ಷದ ರಮಾಬಾಯಿಯವರ ಉತ್ತರವೂ ಇದೆ.